ಮೀಸೆಗೆ ಮಣ್ಣು ಹತ್ತಿತೇ?

ಮಾಘ ಮಾಸ ಬಂದು ಜಾತ್ರೆಗಳ ಸಾಲು ತೊಡಗಿತೆಂದರೆ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲೂಕುಗಳ ಊರೂರ ಗೋಡೆಗಳ ಮೇಲೆ ‘ಜಂಗೀ ನಿಕಾಲಿ ಕುಸ್ತಿಗಳು’ ಎಂಬ ದೊಡ್ಡ ಅಕ್ಷರಗಳ ಹಾಳೆಗಳು ಕಾಣಿಸಿಕೊಳ್ಳುವವು. ಕೃಷ್ಣೆಯ ದಂಡೆಯ ಕಬ್ಬಿನ ಗದ್ದೆಗಳಿಂದಲೂ ನಿಪ್ಪಾಣಿಯ ತಂಬಾಕಿನ ಹೊಲಗಳಿಂದಲೂ ಜನ ಬಂದು ಕಣದ ಸುತ್ತಲೂ ಕೂಡುವರು. ಹಲಗೆಯ ಸದ್ದು ಏರುವದು. ಕೆಂಪು ಮಣ್ಣು ಹಾರುವದು. ಹೊತ್ತು ಮುಳುಗುವಷ್ಟರಲ್ಲಿ ಕುಸ್ತಿಗಳು ಮುಗಿಯುವವು. ಆದರೆ ಅಲ್ಲಿಗೆ ಎಲ್ಲವೂ ಮುಗಿಯಿತೆಂದು ನಮ್ಮ ವಾಚಕರಾರೂ ತಿಳಿಯಲಾರರು. ಕಣದೊಳಗಿನ ಕುಸ್ತಿ ಹತ್ತು ನಿಮಿಷದ್ದಾದರೆ ಕಣದ ಹೊರಗಿನ ಕುಸ್ತಿ ಹತ್ತು ದಿನಗಳದು. ಚಹದ ಅಂಗಡಿಯಲ್ಲಿ, ಬಸ್ಸಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ಸೋಮವಾರ ಬೆಳಿಗ್ಗೆ ಕಚೇರಿಯ ಮೇಜುಗಳ ನಡುವೆ ಒಂದೇ ಪ್ರಶ್ನೆ: ಅವನ ಬೆನ್ನು ಮಣ್ಣಿಗೆ ಹತ್ತಿತ್ತೇ, ಇಲ್ಲವೇ?

ಈ ಪ್ರಶ್ನೆಯನ್ನು ಕೇಳುವದು ತಪ್ಪೆಂದು ನಾವು ಹೇಳುವದಿಲ್ಲ. ಕೇಳುವ ರೀತಿಯೊಂದಿದೆ, ಅದನ್ನು ಕುರಿತು ಎರಡು ಮಾತು ಹೇಳಬೇಕೆಂದು ತೋರಿದ್ದರಿಂದ ಈ ಲೇಖನ.

ಕೆಲವು ಕಾಲದ ಕೆಳಗೆ ಈ ಭಾಗದ ಒಂದು ಊರ ಜಾತ್ರೆಯಲ್ಲಿ ನಾವು ಕಣ್ಣಾರೆ ಕಂಡ ಸಂಗತಿಯಿದು. ಊರ ಹೆಸರು ಇಲ್ಲಿ ಬೇಕಾಗಿಲ್ಲ; ಯಾವ ಊರಲ್ಲಿಯೂ ನಡೆಯಬಹುದಾದದ್ದು. ನಡುವಯಸ್ಸಿನ ಜೋಡಿಯೊಂದು ಕಣದಲ್ಲಿತ್ತು. ಒಬ್ಬನು ಇನ್ನೊಬ್ಬನನ್ನು ಸೊಂಟದ ಮೇಲಿಂದ ತಿರುಗಿಸಿ ಕೆಡಹಿದನು. ಬಿದ್ದವನು ಮೀನಿನಂತೆ ಹೊರಳಿ ಬೋರಲಾದನು. ಅಷ್ಟರಲ್ಲಿ ಪಂಚರು ಕೆಡಹಿದವನ ಕೈಯೆತ್ತಿಬಿಟ್ಟರು. ಹಲಗೆ ನಿಂತಿತು, ಅರ್ಧ ಜನಸಮೂಹ ಎದ್ದು ನಿಂತಿತು. ನಮ್ಮ ಬದಿಯಲ್ಲಿದ್ದ, ಹಿಂದೊಮ್ಮೆ ತಾವೂ ಲಂಗೋಟಿ ಕಟ್ಟಿದ್ದ ಹಿರಿಯರೊಬ್ಬರು, ಎಡ ಭುಜ ನಾಲ್ಕು ಬೆರಳು ಮೇಲಿತ್ತೆಂದು ಆಣೆಯಿಟ್ಟು ಹೇಳಿದರು. ಎದುರು ಬದಿಯಲ್ಲಿ ಕುಳಿತು ಬಂದ ಶಾಲಾಮಾಸ್ತರರೊಬ್ಬರು ಎರಡೂ ಭುಜ ಮಣ್ಣು ಮುಟ್ಟಿದ್ದನ್ನು ತಾವು ಕಂಡುದಾಗಿ ಅಷ್ಟೇ ದೃಢವಾಗಿ ಹೇಳಿದರು. ಇಬ್ಬರೂ ಸುಳ್ಳು ಹೇಳುವ ಜನರಲ್ಲ. ತರುಣರು ತಮ್ಮ ಮೊಬೈಲುಗಳನ್ನು ತೆರೆದರು. ಮೂರು ಕಡೆಯಿಂದ ತೆಗೆದ ಮೂರು ಚಿತ್ರಗಳು ಮೂರು ತೀರ್ಪು ಕೊಟ್ಟವು. ಒಂದು ತಾಸು ಹೀಗೆ ಕಳೆಯಿತು. ಕತ್ತಲಾಯಿತೆಂದು ಕೊನೆಯ ನಾಲ್ಕು ಜೋಡಿಗಳನ್ನು ಬಿಡಿಸಲಿಲ್ಲ. ಆ ನಾಲ್ಕರಲ್ಲಿ ಒಬ್ಬ ಹುಡುಗನು ಆರು ತಿಂಗಳು ತಾಲೀಮಿನಲ್ಲಿ ಬೆವರು ಸುರಿಸಿ, ತಂದೆಯೊಡನೆ ದೂರದಿಂದ ಬಂದಿದ್ದನು. ಮೈಗೆ ಮಣ್ಣು ಹಚ್ಚಿಕೊಂಡು ನಿಂತವನು ಹಾಗೆಯೇ ತೊಳೆದುಕೊಂಡು ಹೋದನು. ತೀರ್ಪು ಸರಿಯೋ ತಪ್ಪೋ ನಾವು ಇಂದಿಗೂ ಅರಿಯೆವು. ಆದರೆ ಆ ಹುಡುಗನಿಗಾದ ಅನ್ಯಾಯದಲ್ಲಿ ಎರಡು ಮಾತಿಲ್ಲ.

ನಮ್ಮ ಈ ಸೀಮೆಯ ಪ್ರೇಕ್ಷಕರು ಕುಸ್ತಿಯನ್ನರಿಯದವರೆಂದು ಯಾರೂ ಹೇಳಲಾರರು. 1959ರಲ್ಲಿ ಹಿಂದ ಕೇಸರಿ ಪದವಿಯನ್ನು ಗೆದ್ದ ಶ್ರೀಪತಿ ಖಂಚನಾಳೆಯವರು ಚಿಕ್ಕೋಡಿ ತಾಲೂಕಿನ ಯಕ್ಸಂಬಾ ಊರಿನಲ್ಲಿ ಹುಟ್ಟಿದವರು. ಕೊಲ್ಹಾಪುರದ ತಾಲೀಮಿನಲ್ಲಿ ಪಳಗಿ ದೇಶದಲ್ಲೆಲ್ಲ ಹೆಸರಾದ ಅವರು 2020ರ ಡಿಸೆಂಬರದಲ್ಲಿ ತೀರಿಕೊಂಡರು. ರಾಯಬಾಗವು 1949ರಲ್ಲಿ ವಿಲೀನವಾಗುವವರೆಗೆ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ್ದಿತು. ಆ ಸಂಸ್ಥಾನವನ್ನು 1894ರಿಂದ 1922ರವರೆಗೆ ಆಳಿದ ಶಾಹೂ ಮಹಾರಾಜರು ಮಲ್ಲರಿಗೆ ಆಶ್ರಯವಿತ್ತು, ಖಾಸಬಾಗದಲ್ಲಿ ಕಟ್ಟಿಸಿದ ಕುಸ್ತಿಯ ಮೈದಾನವು 1912ರಲ್ಲಿ ಸಿದ್ಧವಾಯಿತು. ಸುತ್ತಲೂ ಏರಿನ ಮೇಲೆ ಕುಳಿತ ಎಲ್ಲರಿಗೂ ನಡುವಿನ ಕಣ ಕಾಣುವಂತೆ ಅದನ್ನು ರಚಿಸಲಾಗಿದೆ. ಪ್ರೇಕ್ಷಕನ ಕಣ್ಣಿಗೂ ಒಂದು ಬೆಲೆಯಿದೆಯೆಂಬುದನ್ನು ಆ ಕಾಲದವರು ಅರಿತಿದ್ದರು. ತಾತನಿಂದ ಮೊಮ್ಮಗನವರೆಗೆ ಪಟ್ಟು ಪ್ರತಿಪಟ್ಟುಗಳ ಹೆಸರು ಬಲ್ಲ ಜನ ತೀರ್ಪನ್ನು ತೂಗಿ ನೋಡುವದು ಸಹಜವೇ. ಬಾಯಿ ಮುಚ್ಚಿಕೊಂಡು ಕೂಡಿರೆಂದು ಅವರಿಗೆ ಹೇಳುವದು ಕುಸ್ತಿಯನ್ನೇ ನಿಲ್ಲಿಸಿರೆಂದು ಹೇಳಿದಂತೆ.

ಹಾಗಾದರೆ ತಂಟೆ ಹುಟ್ಟುವದೆಲ್ಲಿ? ನಮ್ಮ ಮಟ್ಟಿಗೆ ನೋಡಿದರೆ, ಮೊದಲನೆಯದಾಗಿ, ಎರಡು ಬಗೆಯ ಅಳತೆಗಳನ್ನು ಒಂದೇ ಕಣದಲ್ಲಿ ಬೆರೆಸುವದರಲ್ಲಿ. ಮಣ್ಣಿನ ನಿಕಾಲಿ ಕುಸ್ತಿಯಲ್ಲಿ ಗೆಲವಿಗೆ ಒಂದೇ ಗುರುತು: ಎದುರಾಳಿ ಚಿತ್ ಆಗಬೇಕು, ಅಂಗಾತ ಬಿದ್ದು ಬೆನ್ನು ಮಣ್ಣು ಮುಟ್ಟಬೇಕು. ಮ್ಯಾಟಿನ ಕುಸ್ತಿಯಲ್ಲಿ ಹಾಗಲ್ಲ. ಮೂರು ಮೂರು ನಿಮಿಷಗಳ ಎರಡು ಸುತ್ತು. ಹಿಡಿದು ಕೆಡಹಿದರೆ ಎರಡು ಅಂಕ. ಎದುರಾಳಿಯನ್ನು ಗೆರೆಯಾಚೆ ತಳ್ಳಿದರೆ ಒಂದು. ಕೆಡಹುವಾಗಲೇ ಬೆನ್ನು ಅಪಾಯದ ಸ್ಥಿತಿಗೆ ಬಂದರೆ ನಾಲ್ಕು. ಹತ್ತು ಅಂಕಗಳ ಅಂತರವಾದರೆ ಬೆನ್ನು ತಾಗದೆಯೂ ಫ್ರೀಸ್ಟೈಲ್ ಕುಸ್ತಿ ಮುಗಿಯುವದು. ಎರಡೂ ಭುಜಗಳನ್ನು ಕೂಡಿಯೇ ನೆಲಕ್ಕೊತ್ತಿ ಹಿಡಿದುದನ್ನು ಪಂಚರು ಸ್ಪಷ್ಟವಾಗಿ ಕಂಡರೆ ಮಾತ್ರ ಚಿತ್. ಕಣದೊಳಗೊಬ್ಬ, ಬದಿಗೊಬ್ಬ, ಮೇಲ್ವಿಚಾರಕನೊಬ್ಬ ಹೀಗೆ ಮೂವರ ಕಣ್ಣು ಅಲ್ಲಿರುವವು. ಮಣ್ಣಿನ ಕಣ್ಣಿನಿಂದ ಮ್ಯಾಟಿನ ಕುಸ್ತಿಯನ್ನು ನೋಡುವವನಿಗೆ ಅಂಕದ ತೀರ್ಪು ಮೋಸವೆಂದು ತೋರುವದು. ಮ್ಯಾಟಿನ ಕಣ್ಣಿನಿಂದ ಮಣ್ಣನ್ನು ನೋಡುವವನಿಗೆ ಅರೆಗಳಿಗೆಯ ಸ್ಪರ್ಶಕ್ಕೆ ಕೊಟ್ಟ ಗೆಲವು ಅವಸರವೆಂದು ತೋರುವದು.

ಇದಕ್ಕೆ ದೂರದ ದೃಷ್ಟಾಂತ ಬೇಕಾಗಿಲ್ಲ. ಕಾಗವಾಡದಿಂದ ನಿಪ್ಪಾಣಿಯವರೆಗಿನ ನಮ್ಮ ಕುಸ್ತಿಪ್ರಿಯರು ನೆರೆಯ ಮಹಾರಾಷ್ಟ್ರ ಕೇಸರಿಯ ಪಂದ್ಯಗಳನ್ನು ತಮ್ಮ ಮನೆಯವೆಂಬಂತೆ ನೋಡುವರು. 2023ರ ಜನವರಿಯಲ್ಲಿ ಪುಣೆಯಲ್ಲಿ ಮಹೇಂದ್ರ ಗಾಯಕವಾಡ ಮತ್ತು ಸಿಕಂದರ ಶೇಖ ಇವರ ಕುಸ್ತಿಯಲ್ಲಿ ಹೊರಗಾಲಿನ ಪಟ್ಟೊಂದಕ್ಕೆ ನಾಲ್ಕು ಅಂಕ ಕೊಟ್ಟರು. ಬೆನ್ನು ಅಪಾಯದ ಸ್ಥಿತಿಗೆ ಬಂದಿರಲಿಲ್ಲ, ಎರಡೇ ಅಂಕ ಸಲ್ಲತಕ್ಕದ್ದೆಂದು ಸಿಕಂದರರ ಅಭಿಮಾನಿಗಳು ವಾದಿಸಿದರು. ವಾದವು ವಾದವಾಗಿಯೇ ಉಳಿದಿದ್ದರೆ ಚೆನ್ನಾಗಿತ್ತು. ಅದು ಅಷ್ಟಕ್ಕೆ ನಿಲ್ಲದೆ, ಪಂಚರಿಗೆ ದೂರವಾಣಿಯಲ್ಲಿ ಬೆದರಿಕೆ ಹೋಗಿ ಪೋಲೀಸರವರೆಗೆ ದೂರು ಮುಟ್ಟಿತು. ಎರಡಂಕದ ಲೆಕ್ಕದ ಸಲುವಾಗಿ ಒಬ್ಬ ಮನುಷ್ಯನ ಜೀವಕ್ಕೆ ಭಯ!

ಎರಡು ವರ್ಷಗಳ ತರುವಾಯ, 2025ರ ಫೆಬ್ರುವರಿ 2ರಂದು, ಅಹಿಲ್ಯಾನಗರದಲ್ಲಿ ಇನ್ನೂ ಖೇದಕರವಾದದ್ದು ನಡೆಯಿತು. ಪೃಥ್ವಿರಾಜ ಮೋಹೋಳರೊಡನೆ ಆಡಿದ ಶಿವರಾಜ ರಾಕ್ಷೆಯವರು ಚಿತ್ ಆದರೆಂದು ಪಂಚರು ಸಾರಿದರು. ತಮ್ಮ ಎರಡೂ ಭುಜ ತಾಗಿರಲಿಲ್ಲ, ಚಿತ್ರವನ್ನು ಮತ್ತೆ ನೋಡಬೇಕೆಂದು ರಾಕ್ಷೆಯವರು ಕೇಳಿದರು. ಮಾತು ಬೆಳೆದು, ಹಿಂದೆ ಮಹಾರಾಷ್ಟ್ರ ಕೇಸರಿಯಾಗಿದ್ದ ಆ ಮಲ್ಲರು ಪಂಚರ ಕೊರಳಪಟ್ಟಿ ಹಿಡಿದು ಒದ್ದರು. ಅದೇ ದಿನದ ಕೊನೆಯ ಪಂದ್ಯದಲ್ಲಿ ಮಹೇಂದ್ರ ಗಾಯಕವಾಡರು ಅಂಕದ ತೀರ್ಪಿಗೆ ಸಿಟ್ಟಾಗಿ ಕಣ ಬಿಟ್ಟು ನಡೆದರು. ಗೆಲವು ಮೋಹೋಳರದಾಯಿತು, ಉಳಿದಿಬ್ಬರಿಗೂ ಮೂರು ಮೂರು ವರ್ಷಗಳ ನಿಷೇಧ ಬಂದಿತು. ರಾಕ್ಷೆಯವರ ತಕರಾರಿನಲ್ಲಿ ಹುರುಳಿರಲಿಲ್ಲವೆಂದು ನಾವು ಹೇಳುವದಿಲ್ಲ. ಹುರುಳಿದ್ದಿತೆಂದೇ ಇಟ್ಟುಕೊಳ್ಳೋಣ. ಕಾಲೆತ್ತಿದ ಕ್ಷಣದಲ್ಲಿ ಆ ಹುರುಳನ್ನು ಕೇಳುವ ಕಿವಿಗಳೆಲ್ಲ ಮುಚ್ಚಿಹೋದವು. ಬೆನ್ನು ತಾಗಿತ್ತೇ ಎಂಬ ಪ್ರಶ್ನೆ ಅಳಿದು, ಒದೆಯಬಹುದೇ ಎಂಬ ಪ್ರಶ್ನೆಯೊಂದೇ ಉಳಿಯಿತು. ನ್ಯಾಯವಾದ ಕೂಗನ್ನು ಅನ್ಯಾಯದ ಕೈಯಿಂದ ಕೊಂದುಕೊಳ್ಳುವದೆಂದರೆ ಇದೇ.

ಇಲ್ಲಿ ನಮ್ಮ ವಾಚಕರು ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ನೋಡಬೇಕೆಂದು ನಮ್ಮ ಬಿನ್ನಹ. ತೀರ್ಪು ಸರಿಯಾಗಿತ್ತೇ ಎಂಬುದು ಒಂದು. ತೀರ್ಪು ನಡೆಯಬೇಕೇ ಎಂಬುದು ಮತ್ತೊಂದು. ಮೊದಲನೆಯದಕ್ಕೆ ‘ಅಲ್ಲ’ವೆಂದು ಉತ್ತರಿಸುವ ಹಕ್ಕು ಕಟ್ಟೆಯ ಮೇಲೆ ಕುಳಿತ ಪ್ರತಿಯೊಬ್ಬನಿಗೂ ಉಂಟು. ಎರಡನೆಯದಕ್ಕೆ ‘ಅಲ್ಲ’ವೆನ್ನುವ ಹಕ್ಕು ಯಾರಿಗೂ ಇಲ್ಲ, ಅಥವಾ ನಿಯಮವು ಯಾರಿಗೆ ಕೊಟ್ಟಿದೆಯೋ ಅವರಿಗೆ, ನಿಯಮವು ತೋರಿದ ದಾರಿಯಲ್ಲಿ ಮಾತ್ರ ಉಂಟು. ಕೆಳಗಿನ ಕೋರ್ಟಿನ ನಿರ್ಣಯ ತಪ್ಪೆಂದು ಕಂಡರೆ ಮೇಲಿನ ಕೋರ್ಟಿಗೆ ಹೋಗುವೆವಲ್ಲದೆ ನ್ಯಾಯಾಧೀಶನ ಕೊರಳಪಟ್ಟಿಗೆ ಕೈ ಹಾಕುವದಿಲ್ಲ. ಕಚೇರಿಗಳಲ್ಲಿ ಕೆಲಸ ಮಾಡುವ ನಮ್ಮ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕುಸ್ತಿಯ ಕಣದಿಂದ ತುಸು ಹೊರಗೆ ಬಂದು ಕ್ರಿಕೆಟ್ಟಿನ ಮೈದಾನವನ್ನು ನೋಡಿದರೆ ಈ ಮಾತು ಇನ್ನೂ ವಿಶದವಾಗುವದು. 2019ರ ಜನವರಿಯಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲಿ ರಣಜಿ ಟ್ರೋಫಿಯ ಉಪಾಂತ್ಯ ಪಂದ್ಯವು ಕರ್ನಾಟಕಕ್ಕೂ ಸೌರಾಷ್ಟ್ರಕ್ಕೂ ನಡೆಯಿತು. ಸೋತವರು ಮನೆಗೆ ಹೋಗುವ ಪಂದ್ಯವದು. ಚೇತೇಶ್ವರ ಪೂಜಾರರ ಬ್ಯಾಟಿಗೆ ಚೆಂಡು ತಾಗಿ ವಿಕೆಟ್ ಕೀಪರನ ಕೈ ಸೇರಿತೆಂದು ಕರ್ನಾಟಕದವರು ಕೇಳಿದರು. ಅಂಪಾಯರರು ಔಟ್ ಕೊಡಲಿಲ್ಲ. ಪೂಜಾರರು ನಿಂತು ಔಟಾಗದೆ 131 ರನ್ ಮಾಡಿದರು. ಐದು ವಿಕೆಟ್ಟುಗಳಿಂದ ಸೌರಾಷ್ಟ್ರ ಗೆದ್ದಿತು. ಪ್ರೇಕ್ಷಕರ ಒಂದು ಗುಂಪು ಪೂಜಾರರನ್ನು ಮೋಸಗಾರರೆಂದು ಕೂಗಿ ಅವಮಾನಿಸಿತು. ಕನ್ನಡಿಗರಾದ ನಮಗೂ ಆ ಸೋಲು ಕಹಿಯಾಗಿಯೇ ಇದ್ದಿತು. ಆದರೆ ಕೂಗಿದ್ದರಿಂದ ಏನು ಬಂತು? ಒಂದು ಓಟವೂ ಕಡಿಮೆಯಾಗಲಿಲ್ಲ. ಮುಂದಿನ ವರ್ಷ, 2020ರಲ್ಲಿ, ರಣಜಿಯ ಉಪಾಂತ್ಯ ಮತ್ತು ಅಂತಿಮ ಪಂದ್ಯಗಳಲ್ಲಿ ತೀರ್ಪಿನ ಮರುಪರಿಶೀಲನೆಗೆ ಮಿತವಾದ ಏರ್ಪಾಡು ಬಂದಿತು. ದೋಷಕ್ಕೆ ಪರಿಹಾರ ನಿಯಮದಿಂದ ಬರುವದು, ಬೈಗುಳದಿಂದಲ್ಲ. ಇನ್ನೊಂದು ಮಾತೂ ಗಮನಿಸತಕ್ಕದ್ದು. ದೊಡ್ಡ ಪಂದ್ಯಗಳಲ್ಲಿ ಯಂತ್ರಗಳೆಲ್ಲ ಇದ್ದಾಗಲೂ, ಚೆಂಡು ವಿಕೆಟ್ಟಿನ ಅಂಚಿಗೆ ಮಾತ್ರ ತಾಗುವಂತೆ ತೋರಿದರೆ ಅಂಪಾಯರರು ಮೊದಲು ಕೊಟ್ಟ ತೀರ್ಪೇ ನಿಲ್ಲುವದು. ಯಂತ್ರವೂ ಕೊನೆಗೆ ಮನುಷ್ಯನ ಕಣ್ಣಿಗೆ ಒಂದಿಷ್ಟು ಜಾಗ ಬಿಟ್ಟಿದೆ.

ತೀರ್ಪುಗಾರನದಾಯಿತು, ನಾಯಕನ ನಿರ್ಣಯದ ಮೇಲೂ ಇಂಥದೇ ಚರ್ಚೆಯಿದೆ. 1980ರ ಫೆಬ್ರುವರಿಯಲ್ಲಿ ಮುಂಬಯಿಯ ಸುವರ್ಣ ಮಹೋತ್ಸವದ ಟೆಸ್ಟ್ ಪಂದ್ಯದಲ್ಲಿ ಭಾರತದ ನಾಯಕರು ಭದ್ರಾವತಿಯ ಗುಂಡಪ್ಪ ವಿಶ್ವನಾಥರು. ಇಂಗ್ಲಂಡದ ಐದು ವಿಕೆಟ್ಟುಗಳು 58 ರನ್ನಿಗೆ ಬಿದ್ದಿದ್ದವು. ಆಮೇಲೆ ಬಾಬ್ ಟೇಲರರನ್ನು ಅಂಪಾಯರರು ಔಟೆಂದು ಸಾರಿದಾಗ, ಬ್ಯಾಟಿಗೆ ಚೆಂಡು ತಾಗಿಲ್ಲವೆಂದು ಸ್ಲಿಪ್ಪಿನಲ್ಲಿ ನಿಂತ ವಿಶ್ವನಾಥರಿಗೆ ಖಾತ್ರಿಯಿದ್ದಿತು. ಅವರು ಅಂಪಾಯರರಿಗೆ ವಿನಯದಿಂದ ಹೇಳಿ ಟೇಲರರನ್ನು ಮರಳಿ ಕರೆಯಿಸಿದರು. ಟೇಲರರು ಬಾಥಮ್‌ರೊಡನೆ 171 ರನ್ನುಗಳ ಜೊತೆಯಾಟವಾಡಿದರು. ಭಾರತ ಹತ್ತು ವಿಕೆಟ್ಟುಗಳಿಂದ ಸೋತಿತು. ನಾಯಕನು ತನ್ನ ಪಕ್ಷದ ಗೆಲವನ್ನು ಕಾಯಬೇಕಾಗಿತ್ತೇ, ತಾನು ಕಂಡ ನಿಜವನ್ನು ಕಾಯಬೇಕಾಗಿತ್ತೇ? ಹಳೆಯ ಕ್ರಿಕೆಟ್‌ಪ್ರಿಯರು ಇಂದಿಗೂ ವಾದಿಸುವರು. ನಾವು ವಿಶ್ವನಾಥರ ಪಕ್ಷದವರು. ಆದರೆ ನಮ್ಮೆದುರಿನ ವಾದವೂ ಹಗುರಾದದ್ದಲ್ಲವೆಂದು ಒಪ್ಪಲೇಬೇಕು: ಅಂಪಾಯರನ ಮಾತು ಕೊನೆಯದೆಂದಾದರೆ ಅದು ನಮಗೆ ಅನುಕೂಲವಾದಾಗಲೂ ಕೊನೆಯದೇ ಅಲ್ಲವೆ? ಇದಕ್ಕೆ ನಾವು ಕೊಡುವ ಉತ್ತರ ಇಷ್ಟೇ. ವಿಶ್ವನಾಥರು ತೀರ್ಪನ್ನು ಮುರಿಯಲಿಲ್ಲ. ತೀರ್ಪುಗಾರನ ಮುಖಾಂತರವೇ ತಿದ್ದಿಸಿದರು. ಅದೂ ತಮಗೆ ನಷ್ಟವಾಗುವಂತೆ. ತನಗೆ ಲಾಭವಾಗುವ ತಪ್ಪನ್ನು ಎತ್ತಿ ತೋರಿಸುವವನಿಗೆ, ತನಗೆ ಹಾನಿಯಾಗುವ ತಪ್ಪನ್ನು ಕುರಿತು ಮಾತಾಡುವ ಅಧಿಕಾರ ತಾನಾಗಿ ಬರುವದು.

ನಮ್ಮ ಜಾತ್ರೆಗಳಲ್ಲಿ ಈ ನಾಯಕನ ಸ್ಥಾನ ಉಸ್ತಾದನದು ಮತ್ತು ಜೋಡಿ ಕಟ್ಟುವ ಕಮಿಟಿಯದು. ತೂಕದಲ್ಲಿ ಹತ್ತು ಕಿಲೋ ಹೆಚ್ಚಿನವನೊಡನೆ ಹುಡುಗನನ್ನು ಏಕೆ ಬಿಟ್ಟರು? ಭುಜ ನೋಯುತ್ತಿದ್ದವನನ್ನು ಇನಾಮಿನ ಆಶೆಗೆ ಏಕೆ ಇಳಿಸಿದರು? ಇನ್ನೈದು ನಿಮಿಷ ಕೊಟ್ಟಿದ್ದರೆ ನಿಕಾಲಿಯಾಗುತ್ತಿದ್ದ ಕುಸ್ತಿಯನ್ನು ‘ಬರಾಬರಿ’ಯೆಂದು ಏಕೆ ಬಿಡಿಸಿದರು? ಇವು ಜನರು ಕೇಳುವ ಪ್ರಶ್ನೆಗಳು, ಕೇಳಲೇಬೇಕಾದವುಗಳು. ಬರಾಬರಿಯ ತೀರ್ಪಿನಿಂದಂತೂ ಎರಡೂ ಕಡೆಯ ಅಭಿಮಾನಿಗಳು ಅತೃಪ್ತರಾಗಿಯೇ ಮನೆಗೆ ಹೋಗುವರು. ಅಂಥವರು ಗಾಮಾ ಪೈಲವಾನರ ಕಥೆಯನ್ನು ನೆನೆಯಬೇಕು. 1910ರಲ್ಲಿ ಲಂಡನ್ನಿನಲ್ಲಿ ಪೋಲಂಡಿನ ಜಿಬಿಸ್ಕೋ ಎಂಬ ಮಲ್ಲನು ಗಾಮಾರೆದುರು ಎರಡು ತಾಸಿಗೂ ಮಿಕ್ಕಿ ನೆಲ ಹಿಡಿದು ಬೋರಲಾಗಿ ಕಾಲ ಕಳೆದನು, ಕುಸ್ತಿ ಬರಾಬರಿಯಾಯಿತು. ಮುಂದೆ ಗೊತ್ತುಪಡಿಸಿದ ದಿನ ಅವನು ಬರಲೇ ಇಲ್ಲ. ಹದಿನೆಂಟು ವರ್ಷ ಗಾಮಾರು ಕಾದರು. 1928ರಲ್ಲಿ ಪಟಿಯಾಲಾದಲ್ಲಿ ಇಬ್ಬರೂ ಮತ್ತೆ ಕೈ ಕೂಡಿಸಿದಾಗ ಒಂದು ನಿಮಿಷದೊಳಗೆ ಜಿಬಿಸ್ಕೋ ಅಂಗಾತನಾಗಿದ್ದನು. ಹದಿನೆಂಟು ವರ್ಷಗಳ ವಾದಕ್ಕೆ ಕಣವೇ ಉತ್ತರ ಕೊಟ್ಟಿತು.

ಪಂಚರನ್ನು ಮಾತ್ರ ರಕ್ಷಿಸಿ ಅವರ ಹೊಣೆಯನ್ನು ಮರೆಸಲು ನಾವು ಹೊರಟಿಲ್ಲ. 2010ರ ಜೂನ್ 2ರಂದು ಅಮೇರಿಕೆಯ ಡೆಟ್ರಾಯಿಟ್ ನಗರದ ಬೇಸ್‌ಬಾಲ್ ಆಟದಲ್ಲಿ ನಡೆದದ್ದನ್ನು ಪ್ರತಿಯೊಬ್ಬ ಪಂಚನೂ ತಿಳಿಯಬೇಕು. ಆರ್ಮಾಂಡೊ ಗಲರ್ರಾಗಾ ಎಂಬ ಚೆಂಡೆಸೆಯುವವನು ಎದುರು ಪಕ್ಷದ 26 ಜನರನ್ನು, ಒಬ್ಬನನ್ನೂ ಮೊದಲ ನೆಲೆ ಮುಟ್ಟಗೊಡದೆ, ಸಾಲಾಗಿ ಹೊರಗಟ್ಟಿದ್ದನು. ಇಪ್ಪತ್ತೇಳನೆಯವನೂ ಹೊರಬಿದ್ದರೆ ಆಟದ ಇತಿಹಾಸದಲ್ಲಿ ಬೆರಳೆಣಿಕೆಯ ಜನರಿಗಷ್ಟೇ ದೊರೆತ ಪೂರ್ಣಸಾಧನೆ. ಇಪ್ಪತ್ತೇಳನೆಯವನು ಓಡಿ ಬಂದನು. ಚೆಂಡು ಮೊದಲೇ ಮುಟ್ಟಿತ್ತು. ಆದರೆ ಅಂಪಾಯರ ಜಿಮ್ ಜಾಯ್ಸ್ ಅವನು ಉಳಿದನೆಂದು ಸಾರಿದನು. ಆಟ ಮುಗಿದು ಚಿತ್ರವನ್ನು ನೋಡಿದೊಡನೆ ಜಾಯ್ಸ್ ತನ್ನ ತಪ್ಪನ್ನು ಬಹಿರಂಗವಾಗಿ ಒಪ್ಪಿ, ಆ ತರುಣನ ಬಳಿ ಹೋಗಿ ಕ್ಷಮೆ ಬೇಡಿದನು. ಮರುದಿನ ಆಟದ ಆರಂಭದಲ್ಲಿ ಆಟಗಾರರ ಪಟ್ಟಿಯನ್ನು ಅಂಪಾಯರನ ಕೈಗೆ ತಂದುಕೊಟ್ಟವನು ಗಲರ್ರಾಗಾನೇ. ಜಾಯ್ಸನ ಕಣ್ಣಲ್ಲಿ ನೀರಿದ್ದಿತು. ತೀರ್ಪು ಮಾತ್ರ ಬದಲಾಗಲಿಲ್ಲ. ಇಂದಿಗೂ ದಾಖಲೆಯಲ್ಲಿ ಹಾಗೆಯೇ ಇದೆ. ಆ ಆಟದಲ್ಲಿ ಮರುಪರಿಶೀಲನೆಯನ್ನು ವ್ಯಾಪಕವಾಗಿ ತಂದದ್ದು 2014ರಲ್ಲಿ. ಪಂಚನು ತಪ್ಪೊಪ್ಪಿದ್ದರಿಂದ ಅವನ ಗೌರವ ಕುಗ್ಗಲಿಲ್ಲ, ಬೆಳೆಯಿತು. ಪಂಚರಲ್ಲಿ ಪರಮೇಶ್ವರನಿದ್ದಾನೆಂಬ ನಂಬಿಗೆ ನಮ್ಮದು. ಪರಮೇಶ್ವರನಿದ್ದಲ್ಲಿ ಅಹಂಕಾರಕ್ಕೆ ಜಾಗವಿರಲಾರದು.

ಇಷ್ಟು ಹೇಳಿದ ಮೇಲೆ ನಮ್ಮ ಐದು ತಾಲೂಕುಗಳ ಜಾತ್ರಾ ಕಮಿಟಿಗಳಿಗೆ ಕೆಲವು ಸೂಚನೆಗಳನ್ನು ಮುಂದಿಡುತ್ತೇವೆ. ಇವುಗಳಲ್ಲಿ ಹೆಚ್ಚಿನ ವೆಚ್ಚದ್ದೊಂದೂ ಇಲ್ಲ. ನಿಕಾಲಿಯೋ ಅಂಕದ್ದೋ, ಎಷ್ಟು ನಿಮಿಷದ್ದು, ಬರಾಬರಿಯಾದರೆ ಇನಾಮು ಹೇಗೆ ಹಂಚತಕ್ಕದ್ದು ಎಂಬುದನ್ನು ಜಾಹೀರಾತಿನ ಹಾಳೆಯಲ್ಲಿಯೇ ಅಚ್ಚು ಮಾಡಿಸಬೇಕು. ಜೋಡಿ ಕೈ ಕೂಡಿಸುವ ಮುಂಚೆ ಧ್ವನಿವರ್ಧಕದಲ್ಲಿ ಮತ್ತೊಮ್ಮೆ ಓದಬೇಕು. ಕಣಕ್ಕೆ ಒಬ್ಬ ಪಂಚ ಸಾಲದು. ಮೂರು ಬದಿಗೆ ಮೂವರಿರಬೇಕು. ಅವರಲ್ಲಿ ಯಾರೂ ಆ ಜೋಡಿಯ ಊರಿನವರಾಗಲಿ ತಾಲೀಮಿನವರಾಗಲಿ ಆಗಿರಬಾರದು. ಇಬ್ಬರು ಒಪ್ಪಿದ್ದು ತೀರ್ಪು. ತಕರಾರನ್ನು ಉಸ್ತಾದನೊಬ್ಬನೇ, ಒಂದೇ ಸಲ, ಗೊತ್ತುಪಡಿಸಿದ ಹೊತ್ತಿನೊಳಗೆ ಹೇಳಬೇಕು. ಮೊಬೈಲಿನ ಚಿತ್ರವನ್ನು ನೋಡುವದಾದರೆ ಕಮಿಟಿಯೇ ಒಂದನ್ನು ಏರ್ಪಡಿಸಲಿ. ಇಲ್ಲವಾದರೆ ಯಾರದನ್ನೂ ನೋಡದಿರಲಿ. ತೀರ್ಪಿನ ಕಾರಣವನ್ನು ಪಂಚರು ಒಂದು ವಾಕ್ಯದಲ್ಲಿ ಎಲ್ಲರಿಗೂ ಕೇಳುವಂತೆ ಹೇಳಲಿ. ಕಾರಣ ತಿಳಿದ ಜನ ಅರ್ಧ ಶಾಂತರಾಗುವರು.

ಇನ್ನೊಂದು ಸೂಚನೆ ಕಮಿಟಿಗಳಿಗಲ್ಲ, ನಮ್ಮ ವಾಚಕರಿಗೇ ಸಲ್ಲತಕ್ಕದ್ದು, ಕಟುವಾಗಿದ್ದರೆ ಕ್ಷಮಿಸಬೇಕು. ಕಣದ ಬದಿಯ ಕುರ್ಚಿಗಳಲ್ಲಿ ಹಾರ ಹಾಕಿಸಿಕೊಂಡು, ಫೇಟಾ ಸುತ್ತಿಸಿಕೊಂಡು ಕೂಡುವವರು ಬಹುಮಟ್ಟಿಗೆ ನಾವೇ: ಅಧಿಕಾರಿಗಳು, ಮುಂದಾಳುಗಳು, ವಕೀಲರು, ಪತ್ರಿಕೆಯವರು. ಗದ್ದಲವೆದ್ದಾಗ ಪಂಚರನ್ನು ಹತ್ತಿರ ಕರೆದು ಕಿವಿಯಲ್ಲಿ ಒಂದು ಮಾತು ಹೇಳುವ ಚಪಲ ಈ ಕುರ್ಚಿಗಳಲ್ಲಿಯೇ ಹೆಚ್ಚು. ಕಟ್ಟೆಯ ಮೇಲಿನ ಸಾವಿರ ಜನರ ಕೂಗು ಪಂಚರನ್ನು ಹೆದರಿಸಬಹುದು. ಆದರೆ ಕುರ್ಚಿಯ ಆ ಒಂದು ಪಿಸುಮಾತು ಅವರನ್ನು ಕೆಡಿಸುವದು. ಅದನ್ನು ಕಂಡ ಜನರಿಗೆ ಮುಂದೆ ಯಾವ ತೀರ್ಪಿನಲ್ಲಿಯೂ ನಂಬಿಗೆಯುಳಿಯದು. ಜನರಿಗೆ ಸಂಯಮವನ್ನು ಬೋಧಿಸುವ ಮುಂಚೆ ನಮ್ಮ ನಾಲಗೆಯನ್ನು ನಾವು ಹಿಡಿಯೋಣ.

ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ಗಾದೆಯನ್ನು ನಮ್ಮ ಜನ ನಗುವದಕ್ಕಾಗಿ ಹೇಳುವರು. ಸೋತವನು ಸೋಲನ್ನು ಒಪ್ಪದ ಹಟವನ್ನು ಅದು ಅಣಕಿಸುವದು. ವಾದ ನಡೆಯಲಿ, ಚಹ ಆರುವವರೆಗೂ ನಡೆಯಲಿ, ಮುಂದಿನ ಜಾತ್ರೆಯವರೆಗೂ ನಡೆಯಲಿ. ಆದರೆ ಪಂಚರು ಕೈಯೆತ್ತಿದ ಮೇಲೆ ಕಣವನ್ನು ಮುಂದಿನ ಜೋಡಿಗೆ ಬಿಟ್ಟುಕೊಡಬೇಕು. ಅಲ್ಲಿ ಮೈಗೆ ಮಣ್ಣು ಹಚ್ಚಿಕೊಂಡು ಒಬ್ಬ ಹುಡುಗ ತನ್ನ ಸರದಿಗಾಗಿ ಕಾದು ನಿಂತಿದ್ದಾನೆ.